ನೇಮಕಾತಿ ಪತ್ರದ ಮರುದಿನ

ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲುಗಳಲ್ಲಿ ಹಿಂದಿನ ಚಕ್ರದ ನಡುವೆ ಅಡಗಿ ಕೂರುವ ಒಂದು ಬ್ರೇಕ್ ಇರುತ್ತದೆ. ಅಂಥ ಒಂದು ಬ್ರೇಕಿನಲ್ಲಿ ಹದಿನೈದು ಬಿಡಿಭಾಗಗಳು. ಯಾವುದರ ಮೇಲೆ ಯಾವುದು, ಯಾವ ಮುಖ ಮೇಲೆ ಎಂಬುದು ಒಂದಿಷ್ಟು ತಪ್ಪಿದರೂ ಬ್ರೇಕ್ ಹಿಡಿಯುವುದಿಲ್ಲ. ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ ಇದನ್ನು ಜೋಡಿಸುವ ಕೆಲಸವನ್ನು 64 ಮಂದಿ ಹದಿಹರೆಯದವರಿಗೆ ಕಲಿಸಿ, 1972ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಕಲಿತವರು ಮಧ್ಯಮ ಮತ್ತು ತೀವ್ರ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ ಇದ್ದವರು. ಇವರಿಂದ ಇಂಥ ಕೆಲಸ ಸಾಧ್ಯವಿಲ್ಲ ಎಂದು ತೀರ್ಮಾನಿಸಿ ಅವರನ್ನು ಪ್ರತ್ಯೇಕ ಕಾರ್ಯಾಗಾರಗಳಲ್ಲಿ ಕೂರಿಸಲಾಗಿತ್ತು. ಗೋಲ್ಡ್ ಹೆಚ್ಚು ಮಾತಾಡಿ ವಿವರಿಸಲಿಲ್ಲ. ಭಾಗಗಳನ್ನು ಜೋಡಿಸುವ ಕ್ರಮದಲ್ಲೇ ಸಾಲಾಗಿ ಇಟ್ಟರು, ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದರು, ತಪ್ಪಿದಾಗ ಇನ್ನೊಂದು ಬಗೆಯಲ್ಲಿ ಪ್ರಯತ್ನಿಸಲು ಹೇಳಿದರು. ಒಂದು ಗುಂಪಿಗೆ ಕೊಟ್ಟ ಭಾಗಗಳಲ್ಲಿ ಜೋಡಿಸುವಾಗ ಎದುರಿಗೆ ಬರಬೇಕಾದ ಮುಖಕ್ಕೆ ಬಣ್ಣ ಬಳಿದಿದ್ದರು. ಆ ಗುಂಪು ಉಳಿದವರಿಗಿಂತ ಬಹಳ ಬೇಗ ಕಲಿಯಿತು. ಆಮೇಲೆ 24 ಭಾಗಗಳ ಇನ್ನೊಂದು ಬ್ರೇಕನ್ನೂ ಅವರಿಂದ ಜೋಡಿಸಿದ್ದಾಯಿತು.

ಆ ಬಣ್ಣದ ಗುರುತಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಎರಡೂ ಗುಂಪಿನ ಕಲಿಯುವವರು ಒಂದೇ ತೆರನಾದವರು, ಬ್ರೇಕೂ ಒಂದೇ. ಬದಲಾದದ್ದು ಕೆಲಸವನ್ನು ಮುಂದಿಟ್ಟ ರೀತಿ ಮಾತ್ರ. ಹಾಗಿದ್ದರೆ ‘ಇವನಿಂದಾಗದು’ ಎಂಬ ಮಾತಿನಲ್ಲಿ ಎಷ್ಟು ಪಾಲು ಅವನದು, ಎಷ್ಟು ಪಾಲು ಕಲಿಸಿದವರದು? ಈ ಪ್ರಶ್ನೆಯಿಂದಲೇ ಬೆಂಬಲಿತ ಉದ್ಯೋಗ ಎಂಬ ಪದ್ಧತಿ ಬೆಳೆಯಿತು. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಪಾಲ್ ವೆಹ್ಮನ್ ಮತ್ತು ಸಂಗಡಿಗರು ತರಬೇತಿ ಕೇಂದ್ರದಲ್ಲಿ ವರ್ಷಗಟ್ಟಲೆ ಕಲಿಸುವುದನ್ನು ಬಿಟ್ಟು, ಜನರನ್ನು ನೇರವಾಗಿ ಹೋಟೆಲಿನ ಅಡುಗೆಮನೆಗೆ, ಗೋದಾಮಿಗೆ, ಆಸ್ಪತ್ರೆಗೆ ಕೆಲಸಕ್ಕೆ ಸೇರಿಸಿ ಅಲ್ಲಿಯೇ ಪಕ್ಕದಲ್ಲಿ ನಿಂತು ಕಲಿಸುವ ಕ್ರಮ ತಂದರು. ಪಕ್ಕದಲ್ಲಿ ನಿಂತವರಿಗೆ ಜಾಬ್ ಕೋಚ್ ಎಂಬ ಹೆಸರು ಬಂತು. 1986ರಲ್ಲಿ ಅಮೆರಿಕದ ಪುನರ್ವಸತಿ ಕಾಯ್ದೆಗೆ ತಿದ್ದುಪಡಿಯಾಗಿ ಈ ಸೇವೆಗೆ ಸರ್ಕಾರದ ಹಣ ಸಿಕ್ಕಿತು. ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಹಳೆಯ ಕ್ರಮ ಅಲ್ಲಿ ತಿರುವುಮುರುವಾಯಿತು: ಮೊದಲು ಕೆಲಸ, ಅದರೊಳಗೇ ತರಬೇತಿ, ಬೇಕಿರುವಷ್ಟು ಕಾಲ ಬೆಂಬಲ. ಜಪಾನ್ 2002ರಲ್ಲಿ ಜಾಬ್ ಕೋಚ್‌ಗಳನ್ನು ಸರ್ಕಾರಿ ಸೇವೆಯಾಗಿ ಜಾರಿಗೆ ತಂದಿತು. ನಮ್ಮಲ್ಲಿ ಈ ಪದ ಕೆಲವು ಸ್ವಯಂಸೇವಾ ಸಂಸ್ಥೆಗಳ ಒಳಗೆ ಮಾತ್ರ ಬಳಕೆಯಲ್ಲಿದೆ. ಸರ್ಕಾರದ ಉದ್ಯೋಗ ಯೋಜನೆಗಳ ಗಮನವೆಲ್ಲ ಇಂದಿಗೂ ನೇಮಕಾತಿ ಪತ್ರ ಕೈಗೆ ಬರುವವರೆಗಿನ ದಾರಿಯ ಮೇಲೆಯೇ ಇದೆ. ಆ ಪತ್ರದ ಮರುದಿನ ಏನಾಗುತ್ತದೆ ಎಂಬುದೇ ವಿಕಲಚೇತನರ ಉದ್ಯೋಗದ ನಿಜವಾದ ಪ್ರಶ್ನೆ ಎಂಬುದು ಈ ಲೇಖನದ ವಾದ. ಹಣ, ಸಿಬ್ಬಂದಿ, ಲೆಕ್ಕಪತ್ರ ಎಲ್ಲವೂ ಆ ಮರುದಿನದ ಕಡೆಗೆ ಹೊರಳಬೇಕು.

ನಮ್ಮ ಸ್ಥಿತಿಯನ್ನು ಅಂಕಿಗಳಲ್ಲಿ ನೋಡೋಣ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಗಣತಿಗೆ ಸಿಗದವರು ಇನ್ನೆಷ್ಟೋ. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ 15 ವರ್ಷ ದಾಟಿದ ವಿಕಲಚೇತನರ ಪೈಕಿ ದುಡಿಯುತ್ತಿದ್ದವರು, ಇಲ್ಲವೇ ಕೆಲಸ ಹುಡುಕುತ್ತಿದ್ದವರು ಶೇ 23.8 ಮಾತ್ರ. ಇದೇ ಸಮೀಕ್ಷೆಯಲ್ಲಿ ಅವರ ನಿರುದ್ಯೋಗ ಪ್ರಮಾಣ ಶೇ 4.2 ಎಂದಿದೆ. ಈ ಎರಡನೆಯ ಅಂಕಿಯನ್ನು ಮಾತ್ರ ನೋಡಿದವರಿಗೆ ಸಮಸ್ಯೆಯೇ ಇಲ್ಲವೆನ್ನಿಸಬಹುದು. ಆದರೆ ನಿರುದ್ಯೋಗಿ ಎನ್ನಿಸಿಕೊಳ್ಳಲು ಕೆಲಸ ಹುಡುಕುತ್ತಿರಬೇಕು. ನಾಲ್ವರಲ್ಲಿ ಮೂವರು ಹುಡುಕುವವರ ಸಾಲಿನಲ್ಲೂ ಇಲ್ಲ. ಮನೆಯವರು ಕಳಿಸಲಿಲ್ಲ, ಬಸ್ಸು ಹತ್ತಲಾಗಲಿಲ್ಲ, ಒಮ್ಮೆ ಹೋಗಿ ಅವಮಾನವಾಗಿ ಬಂದದ್ದಾಯಿತು, ಸಿಕ್ಕ ಕೆಲಸ ಎರಡೇ ತಿಂಗಳಲ್ಲಿ ಹೋಯಿತು ಎಂಬ ಕಾರಣಗಳಿಗೆ ಯಾವ ಸಮೀಕ್ಷೆಯಲ್ಲೂ ಪ್ರತ್ಯೇಕ ಕಲಮು ಇಲ್ಲ. ವಿಶ್ವಬ್ಯಾಂಕ್ 2007ರಲ್ಲಿ ಹೊರತಂದ ಭಾರತದ ವರದಿಯ ಪ್ರಕಾರ, 1991ರಲ್ಲಿ ಶೇ 42.7 ಇದ್ದ ವಿಕಲಚೇತನರ ಉದ್ಯೋಗ ಪ್ರಮಾಣ 2002ರ ಹೊತ್ತಿಗೆ ಶೇ 37.6ಕ್ಕೆ ಇಳಿದಿತ್ತು. ಶೇ 3ರ ಮೀಸಲಾತಿ ತಂದ 1995ರ ಕಾಯ್ದೆ ಬಂದದ್ದು ಇದೇ ಅವಧಿಯಲ್ಲಿ. ಮೀಸಲಾತಿ ಬೇಡ ಎಂಬುದಕ್ಕೆ ಇದು ಸಾಕ್ಷಿಯಲ್ಲ, ಅದು ಬೇಕೇ ಬೇಕು. ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಹೋದವರು ಅಲ್ಲಿ ನೆಲೆಯೂರುತ್ತಾರೆ ಎಂಬ ನಂಬಿಕೆ ಸಾಲದು ಎಂಬುದಕ್ಕೆ ಸಾಕ್ಷಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿತು, ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಅದರಲ್ಲಿ ಕೊನೆಯ ಶೇ 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ. ಯಾವ ಹುದ್ದೆ ಯಾರಿಗೆ ಹೊಂದುತ್ತದೆ ಎಂದು ಹೇಳುವ ಪಟ್ಟಿಯೂ ಇದೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇಂಥ 3,566 ಹುದ್ದೆಗಳನ್ನು ಅಧಿಸೂಚಿಸಿತು. ಈ ಪಟ್ಟಿಯ ಹಿಂದೆ ಬಹಳ ಜನರ ಶ್ರಮವಿದೆ. ಆದರೆ ಪಟ್ಟಿ ನೋಡುವುದು ಹುದ್ದೆಯನ್ನು: ಈ ಹುದ್ದೆಗೆ ಕುಳಿತುಕೊಳ್ಳುವ ಶಕ್ತಿ ಬೇಕು, ನೋಡುವ ಶಕ್ತಿ ಬೇಕು, ಸಂವಹನ ಬೇಕು ಎಂದು ಅದು ಬರೆಯುತ್ತದೆ. ಜಾಬ್ ಕೋಚ್ ಹುದ್ದೆಯನ್ನು ಬಿಡಿಸಿ ಕೆಲಸಗಳನ್ನು ನೋಡುತ್ತಾರೆ. ಒಂದು ಸ್ಟೋರ್‌ರೂಮಿನ ಸಹಾಯಕನ ಹುದ್ದೆಯಲ್ಲಿ ಸಾಮಾನು ಇಳಿಸುವುದು, ಚೀಟಿ ಅಂಟಿಸುವುದು, ಶೆಲ್ಫಿನಲ್ಲಿ ಜೋಡಿಸುವುದು, ರಿಜಿಸ್ಟರ್ ಬರೆಯುವುದು, ಫೋನ್ ಎತ್ತುವುದು ಎಲ್ಲ ಸೇರಿರುತ್ತವೆ. ಮೊದಲ ಮೂರನ್ನು ಎಲ್ಲರಿಗಿಂತ ಚೊಕ್ಕವಾಗಿ ಮಾಡುವ ವ್ಯಕ್ತಿ ಫೋನಿನಲ್ಲಿ ಮಾತಾಡಲಾರದ್ದಕ್ಕೆ ಇಡೀ ಹುದ್ದೆಗೆ ಅನರ್ಹನಾಗುತ್ತಾನೆ. ಆ ಫೋನನ್ನು ಪಕ್ಕದ ಮೇಜಿಗೆ ದಾಟಿಸಿ, ಆ ಮೇಜಿನಿಂದ ಚೀಟಿ ಅಂಟಿಸುವ ಕೆಲಸವನ್ನು ಇತ್ತ ತಂದರೆ ಇಬ್ಬರ ಕೆಲಸವೂ ಸಲೀಸು. ಇಂಥ ಅದಲುಬದಲು ಯಾವ ಅಧಿಸೂಚನೆಯಲ್ಲೂ ಬರಲಾರದು. ಸ್ಥಳಕ್ಕೆ ಹೋಗಿ, ಒಂದು ದಿನ ನಿಂತು ನೋಡಿದವರಿಗಷ್ಟೇ ಅದು ಹೊಳೆಯುತ್ತದೆ.

ಕೆಲಸ ಉಳಿಯುವುದು, ಹೋಗುವುದು ಇಂಥ ಸಣ್ಣ ಸಂಗತಿಗಳಲ್ಲಿಯೇ. ಬೌದ್ಧಿಕ ಅಂಗವೈಕಲ್ಯ ಇರುವ ಯುವಕನೊಬ್ಬ ಕೆಲಸವನ್ನು ಚೆನ್ನಾಗಿ ಕಲಿತಿರುತ್ತಾನೆ; ಶಿಫ್ಟ್ ಬದಲಾದ ದಿನ, ಸೂಪರ್‌ವೈಸರ್ ವರ್ಗವಾದ ದಿನ, ಸಾಮಾನಿನ ಡಬ್ಬಿಯ ಬಣ್ಣ ಬದಲಾದ ದಿನ ಗಲಿಬಿಲಿಗೊಳ್ಳುತ್ತಾನೆ. ಕಿವುಡ ಯುವತಿಗೆ ಮಶಿನ್ ಕೆಲಸದಲ್ಲಿ ಯಾವ ತೊಡಕೂ ಇಲ್ಲ. ನಾಳೆ ಎಂಟು ಗಂಟೆಗೇ ಬರಬೇಕು ಎಂದು ಎಲ್ಲರಿಗೂ ಬಾಯಲ್ಲಿ ಹೇಳಿ ಹೋದದ್ದು ಅವಳಿಗೆ ತಲುಪುವುದಿಲ್ಲ. ಮರುದಿನ ತಡವಾಗಿ ಬಂದಳೆಂದು ಬೈಗುಳ. ಅಂಧ ಉದ್ಯೋಗಿಗೆ ಸ್ಕ್ರೀನ್ ರೀಡರ್ ಇದೆ, ಕಂಪ್ಯೂಟರ್ ಬರುತ್ತದೆ. ಬಸ್ ನಿಲ್ದಾಣದಿಂದ ಕಚೇರಿಯ ಗೇಟಿನವರೆಗಿನ ಇನ್ನೂರು ಹೆಜ್ಜೆಯ ದಾರಿ ರಸ್ತೆ ಅಗೆತದಿಂದಾಗಿ ರಾತ್ರೋರಾತ್ರಿ ಬದಲಾಗಿರುತ್ತದೆ. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೆ ಬೆಳಗಿನ ಹೊತ್ತು ಮಂಪರು ಕವಿದಿರುತ್ತದೆ, ಹತ್ತು ಗಂಟೆಯ ಬದಲು ಹನ್ನೊಂದಕ್ಕೆ ಬಂದು ಸಂಜೆ ಒಂದು ತಾಸು ಹೆಚ್ಚು ಕೂರಲು ಬಿಟ್ಟರೆ ಯಾವ ತೊಂದರೆಯೂ ಇಲ್ಲ, ಆದರೆ ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಹೊಸಬರಿಗೆ ಇರುವುದಿಲ್ಲ. ಇವುಗಳಲ್ಲಿ ಒಂದೂ ಕೌಶಲದ ಕೊರತೆ ಅಲ್ಲ. ಒಂದಕ್ಕೂ ತರಬೇತಿ ಕೇಂದ್ರದಲ್ಲಿ ಪರಿಹಾರ ಸಿಗುವುದಿಲ್ಲ, ಏಕೆಂದರೆ ತೊಡಕು ಹುಟ್ಟುವುದು ಕೆಲಸದ ಜಾಗದಲ್ಲಿ. ಎಲ್ಲವೂ ಹೆಚ್ಚೆಂದರೆ ಅರ್ಧ ದಿನದಲ್ಲಿ ಬಗೆಹರಿಯುವಂಥವು. ಬಗೆಹರಿಸುವವರು ಇಲ್ಲದೆ ಹೋದಾಗ ಅರ್ಧ ದಿನದ ತೊಡಕು ಒಬ್ಬರ ಜೀವಮಾನದ ದುಡಿಮೆಯನ್ನೇ ನುಂಗಿಬಿಡುತ್ತದೆ. ಜೊತೆಗೆ ಆ ಸಂಸ್ಥೆಯಲ್ಲಿ ‘ಒಬ್ಬರನ್ನು ಇಟ್ಟುಕೊಂಡಿದ್ದೆವು, ಸರಿಹೋಗಲಿಲ್ಲ’ ಎಂಬ ಮಾತು ಉಳಿದು, ಮುಂದಿನವರಿಗೂ ಬಾಗಿಲು ಮುಚ್ಚುತ್ತದೆ.

ಈ ಪದ್ಧತಿ ನಿಜಕ್ಕೂ ಫಲ ಕೊಡುತ್ತದೆಯೇ? ಅತ್ಯಂತ ಗಟ್ಟಿಯಾದ ಪುರಾವೆ ಸಿಕ್ಕಿರುವುದು ಮಾನಸಿಕ ಅಸ್ವಸ್ಥತೆಯ ಕ್ಷೇತ್ರದಲ್ಲಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ, ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಎಂದು ಕರೆಯಲಾಗುವ ಮಾದರಿಯನ್ನು ಯುರೋಪಿನ ಆರು ನಗರಗಳಲ್ಲಿ ಪರೀಕ್ಷಿಸಿದ ಅಧ್ಯಯನ 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀವ್ರ ಮಾನಸಿಕ ಕಾಯಿಲೆಯ 312 ಜನರನ್ನು ಲಾಟರಿಯಂತೆ ಎರಡು ಪಾಲು ಮಾಡಿ, ಅರ್ಧ ಜನರಿಗೆ ಮೊದಲು ತರಬೇತಿ ಕೊಡುವ ಹಳೆಯ ಸೇವೆ, ಉಳಿದರ್ಧಕ್ಕೆ ನೇರ ಕೆಲಸ ಮತ್ತು ಬೆಂಬಲ ಕೊಟ್ಟರು. ಹದಿನೆಂಟು ತಿಂಗಳಲ್ಲಿ ಹಳೆಯ ಸೇವೆಯವರಲ್ಲಿ ಶೇ 28, ಹೊಸ ಸೇವೆಯವರಲ್ಲಿ ಶೇ 55 ಜನ ಹೊರಗಿನ ಮುಕ್ತ ಉದ್ಯೋಗದಲ್ಲಿ ದುಡಿದಿದ್ದರು. ಹಳೆಯ ಸೇವೆಯನ್ನು ನಡುವೆಯೇ ಬಿಟ್ಟವರು ಶೇ 45, ಹೊಸದನ್ನು ಬಿಟ್ಟವರು ಶೇ 13. ಕೆಲಸದ ಒತ್ತಡಕ್ಕೆ ಕಾಯಿಲೆ ಮರುಕಳಿಸೀತು ಎಂಬುದು ಮನೆಯವರಿಗೂ ಅನೇಕ ವೈದ್ಯರಿಗೂ ಇರುವ ಭಯ. ಇಲ್ಲಿ ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ ಹಳೆಯ ಸೇವೆಯಲ್ಲೇ ಹೆಚ್ಚಿತ್ತು: ಶೇ 31, ಹೊಸದರಲ್ಲಿ ಶೇ 20. ಈ ಅಧ್ಯಯನದ ಮಿತಿಯನ್ನೂ ಹೇಳಬೇಕು. ಒಂದೇ ದಿನ ಕೆಲಸ ಮಾಡಿದ್ದರೂ ದುಡಿದವರ ಲೆಕ್ಕಕ್ಕೆ ಸೇರುತ್ತಿದ್ದರು. ಅದು ಬಹಳ ಸಣ್ಣ ಅಳತೆ. ಜೊತೆಗೆ ಆಯಾ ಊರಿನ ಒಟ್ಟಾರೆ ನಿರುದ್ಯೋಗದ ಸ್ಥಿತಿ ಫಲಿತಾಂಶದ ಮೇಲೆ ಪರಿಣಾಮ ಬೀರಿತ್ತು. ಕೋಚ್ ಇದ್ದ ಮಾತ್ರಕ್ಕೆ ಕೆಲಸವೇ ಇಲ್ಲದ ಊರಿನಲ್ಲಿ ಕೆಲಸ ಹುಟ್ಟುವುದಿಲ್ಲ. ಆಟಿಸಂ ಇರುವವರ ಬಗ್ಗೆ ವೆಹ್ಮನ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಆದರೆ ಅದರ ಅಂತರ ಕಣ್ಣು ಕುಕ್ಕುವಂಥದ್ದು. ಶಾಲೆಯ ಕೊನೆಯ ವರ್ಷವನ್ನು ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಲ್ಲಿ ನಿಜವಾದ ಕೆಲಸ ಮಾಡುತ್ತ ಕಳೆದ 24 ಮಂದಿಯಲ್ಲಿ 21 ಜನರಿಗೆ ಉದ್ಯೋಗ ಸಿಕ್ಕಿತು. ಎಂದಿನಂತೆ ಶಾಲೆಯಲ್ಲೇ ಓದಿದ 16 ಮಂದಿಯಲ್ಲಿ ಒಬ್ಬರಿಗೆ.

ಯುರೋಪಿನ ಪಾಠ ಇಲ್ಲಿಗೆ ಹೇಗೆ ಹೊಂದೀತು ಎಂದು ಕೇಳಬಹುದು. ಮಾನಸಿಕ ಆರೋಗ್ಯದ ವಿಷಯದಲ್ಲಂತೂ ಕರ್ನಾಟಕಕ್ಕೆ ಆ ಪಾಠವನ್ನು ಕೂರಿಸಲು ಸಿದ್ಧವಾದ ಜಾಗವೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ರೋಗಿ ಮತ್ತು ಮನೆಯವರು ಅಲ್ಲಿ ಸಾಲಿನಲ್ಲಿ ಕೂತಿರುತ್ತಾರೆ. ನಿದ್ದೆ ಬಂತೇ, ಊಟ ಸೇರುತ್ತದೆಯೇ, ಮಾತ್ರೆ ತಪ್ಪಿಸಲಿಲ್ಲವಷ್ಟೇ ಎಂಬ ಪ್ರಶ್ನೆಗಳ ಜೊತೆಗೆ ‘ಕೆಲಸಕ್ಕೆ ಹೋಗಬೇಕು ಅನ್ನಿಸುತ್ತದೆಯೇ?’ ಎಂದು ಕೇಳಿ, ಹೌದು ಎಂದವರನ್ನು ಅದೇ ವರಾಂಡದಲ್ಲಿ ಕೂತ ಉದ್ಯೋಗ ಸಹಾಯಕರ ಬಳಿ ಕಳಿಸುವ ವ್ಯವಸ್ಥೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ಚಿಕಿತ್ಸೆಯ ತಂಡದಲ್ಲೇ ಉದ್ಯೋಗದ ವ್ಯಕ್ತಿ ಇರಬೇಕು ಎಂಬುದು ಐಪಿಎಸ್ ಮಾದರಿಯ ಮೂಲ ನಿಯಮಗಳಲ್ಲಿ ಒಂದು. ಕೆಲಸ ಬೇಕೆಂದು ಬಯಸಿದವರಲ್ಲಿ ಯಾರನ್ನೂ ‘ಇನ್ನೂ ತಯಾರಾಗಿಲ್ಲ’ ಎಂದು ಹಿಂದಕ್ಕೆ ಕಳಿಸಬಾರದು ಎಂಬುದು ಇನ್ನೊಂದು. ಎರಡನೆಯದು ನಮ್ಮ ಅಭ್ಯಾಸಕ್ಕೆ ಹೆಚ್ಚು ಕಠಿಣ, ಹಾಗಾಗಿ ಹೆಚ್ಚು ಮುಖ್ಯ.

ಮೊದಲ ಆಕ್ಷೇಪ ಖರ್ಚಿನದು. ಒಬ್ಬರ ಹಿಂದೆ ಒಬ್ಬರು ನಿಂತು ಕಲಿಸುವುದು ಬಡ ದೇಶಕ್ಕೆ ಎಟುಕುವ ಮಾತೇ? ಒಬ್ಬರಿಗೆ ಒಬ್ಬರು ಎಂಬುದು ಮೊದಲ ಕೆಲವು ವಾರಗಳ ಮಾತು. ಆಮೇಲೆ ಕೋಚ್ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಕೊನೆಗೆ ಫೋನ್ ಬಂದಾಗ ಮಾತ್ರ ಹೋಗುತ್ತಾರೆ. ಹಿಂದೆ ಸರಿಯುವುದು ಈ ಕೆಲಸದ ಅರ್ಧ ಕೌಶಲ. ಪಕ್ಕದ ಸಹೋದ್ಯೋಗಿ ಸಹಜವಾಗಿ ನೆರವಾಗುವಂತೆ ಮಾಡಿ ತಾನು ಮರೆಯಾಗುವ ಕೋಚ್ ಒಳ್ಳೆಯ ಕೋಚ್. ಐಪಿಎಸ್ ಮಾದರಿಯ ಗುಣಮಟ್ಟದ ಅಳತೆಗೋಲಿನ ಪ್ರಕಾರ ಒಬ್ಬ ಉದ್ಯೋಗ ಸಹಾಯಕರಿಗೆ ಒಮ್ಮೆಗೆ 20 ಜನರವರೆಗೆ ಹೊಣೆ ಕೊಡಬಹುದು. ತಿಂಗಳಿಗೆ 30,000 ರೂಪಾಯಿ ಸಂಬಳ ಎಂದು ಇಟ್ಟುಕೊಂಡರೆ ತಲೆಗೆ 1,500 ರೂಪಾಯಿ. ಓಡಾಟದ ಖರ್ಚು ಬೇರೆ. ಅಮೆರಿಕದಲ್ಲಿ ರಾಬರ್ಟ್ ಸಿಮೆರಾ ಮಾಡಿದ ಲೆಕ್ಕದ ಪ್ರಕಾರ, ಬೆಂಬಲಿತ ಉದ್ಯೋಗಕ್ಕೆ ಹಾಕಿದ ಪ್ರತಿ ಡಾಲರಿಗೆ ತೆರಿಗೆದಾರರಿಗೆ ಮರಳಿದ್ದು ಸುಮಾರು ಒಂದೂವರೆ ಡಾಲರ್. ಈ ಅಂಕಿಯನ್ನು ಇಲ್ಲಿಗೆ ಹಾಗೆಯೇ ತಂದು ನಿಲ್ಲಿಸುವುದು ಪ್ರಾಮಾಣಿಕವಲ್ಲ. ಅಲ್ಲಿ ಕೆಲಸ ಸಿಕ್ಕಾಗ ಸರ್ಕಾರಕ್ಕೆ ಉಳಿಯುವ ಭತ್ಯೆಗಳ ಮೊತ್ತ ದೊಡ್ಡದು, ಇಲ್ಲಿ ಭತ್ಯೆಯೇ ಅತ್ಯಲ್ಪ. ನಮ್ಮ ಉಳಿತಾಯ ಬೇರೆ ಕಡೆ ಇದೆ. ವಿಕಲಚೇತನ ಮಗನನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಉಳಿದ ತಾಯಿ, ಶಾಲೆ ಬಿಟ್ಟ ತಂಗಿ ಯಾವ ಬಜೆಟ್ಟಿನಲ್ಲೂ ಖರ್ಚಾಗಿ ಕಾಣುವುದಿಲ್ಲ. ಹತ್ತು ಬಡ ಮತ್ತು ಮಧ್ಯಮ ಆದಾಯದ ದೇಶಗಳನ್ನು ಅಧ್ಯಯನ ಮಾಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2009ರ ಪ್ರಬಂಧ, ವಿಕಲಚೇತನರನ್ನು ದುಡಿಮೆಯಿಂದ ಹೊರಗಿಟ್ಟದ್ದರ ನಷ್ಟವನ್ನು ಆ ದೇಶಗಳ ಒಟ್ಟು ಉತ್ಪನ್ನದ ಶೇ 3ರಿಂದ 7ರಷ್ಟು ಎಂದು ಅಂದಾಜಿಸಿತ್ತು. ಖರ್ಚು ಈಗಲೂ ಆಗುತ್ತಲೇ ಇದೆ, ಅದನ್ನು ಭರಿಸುತ್ತಿರುವವರು ಬಡ ಮನೆಗಳವರು.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಜಾಬ್ ಕೋಚ್ ಎಂಬುದು ಸಂಬಳದ ಕಂಪನಿಗಳಿರುವ ದೇಶದ ಕಲ್ಪನೆ. ನಮ್ಮಲ್ಲಿ ಬಹುಪಾಲು ಜನ ದುಡಿಯುವುದು ಹೊಲದಲ್ಲಿ, ಅಂಗಡಿಯಲ್ಲಿ, ಮನೆಯ ಜಗಲಿಯಲ್ಲಿ. ಎಚ್‌ಆರ್ ವಿಭಾಗವೇ ಇಲ್ಲದ ಕಡೆ ಯಾರೊಡನೆ ಮಾತಾಡುವುದು? ಇದು ಸರಿಯಾದ ಎಚ್ಚರಿಕೆ. ಬೆಂಗಳೂರಿನ ಗಾಜಿನ ಕಟ್ಟಡಗಳಿಗಷ್ಟೇ ಸೀಮಿತವಾದರೆ ಈ ಸೇವೆ ಓದಿದ ಕೆಲವರ ಪಾಲಾಗುತ್ತದೆ. ಆದರೆ ಹಳ್ಳಿಯ ದುಡಿಮೆಗೆ ಒಂದು ಅನುಕೂಲವಿದೆ: ಅಲ್ಲಿ ಕೆಲಸವನ್ನು ಒಡೆದು ಹಂಚುವುದು ಮೊದಲಿನಿಂದಲೂ ರೂಢಿ. ಸಸಿ ಬೆಳೆಸುವ ನರ್ಸರಿಯಲ್ಲಿ ಮಣ್ಣು ಜರಡಿ ಹಿಡಿಯುವವರು, ಪ್ಲಾಸ್ಟಿಕ್ ಚೀಲಕ್ಕೆ ತುಂಬುವವರು, ಬೀಜ ಊರುವವರು, ನೀರು ಹಾಕುವವರು, ಕಳೆ ಕೀಳುವವರು ಬೇರೆ ಬೇರೆ. 1959ರಲ್ಲಿ ಎನ್.ಎಸ್. ಹೇಮಾ ಅವರು ಸ್ಥಾಪಿಸಿದ ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆ ತೋಟಗಾರಿಕೆಯಲ್ಲಿ ತರಬೇತಿ ಕೊಡುತ್ತಿರುವುದು ಇದನ್ನು ಕಂಡುಕೊಂಡೇ ಇರಬೇಕು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕ ತಂದ ನಿಯಮವನ್ನೂ ಇಲ್ಲಿ ನೆನೆಯಬೇಕು: ವಿಕಲಚೇತನರು ನಿಗದಿತ ಅಳತೆಯ ಅರ್ಧ ಕೆಲಸ ಮಾಡಿದರೂ ಪೂರ್ಣ ಕೂಲಿ. ಎಷ್ಟು ಅಗೆದರು ಎಂಬುದರ ಮೇಲೆ ಕೂಲಿ ನಿಗದಿಯಾಗುವ ಯೋಜನೆಯಲ್ಲಿ ಇಂಥ ರಿಯಾಯಿತಿ ಬರಬಹುದು ಎಂದಾದರೆ, ಹೊಂದಾಣಿಕೆ ಎಂಬುದು ನಮಗೆ ಅಪರಿಚಿತ ವಿಚಾರವೇನಲ್ಲ.

ಹಳ್ಳಿಯಲ್ಲಿ ಈ ಕೆಲಸ ಮಾಡುವವರು ಯಾರು ಎಂಬುದಕ್ಕೂ ಉತ್ತರ ರಾಜ್ಯದಲ್ಲೇ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನರ ಬಾಯಲ್ಲಿ ವಿಆರ್‌ಡಬ್ಲ್ಯೂಗಳು, ಇದ್ದಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂಗಳು. ಇವರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಯುಡಿಐಡಿ ಗುರುತಿನ ಕಾರ್ಡ್ ಬಂದಿಲ್ಲ, ಯಾರಿಗೆ ಗಾಲಿಕುರ್ಚಿ ಬೇಕು ಎಂಬುದು ಇವರಿಗೆ ಗೊತ್ತು. ಬಹುತೇಕ ರಾಜ್ಯಗಳಲ್ಲಿ ಪಂಚಾಯಿತಿ ಮಟ್ಟದವರೆಗೆ ಇಂಥ ಜಾಲವಿಲ್ಲ. ಅವರ ದಿನ ಈಗ ಅರ್ಜಿ, ಪ್ರಮಾಣಪತ್ರ, ಸಮೀಕ್ಷೆ, ಚುನಾವಣೆಯ ಹೊತ್ತಿನ ಪಟ್ಟಿಗಳಲ್ಲಿ ಕಳೆದುಹೋಗುತ್ತದೆ. ಅವರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದರೆ ಏನೂ ಆಗದು. ಎಂಆರ್‌ಡಬ್ಲ್ಯೂ ಮಟ್ಟದಲ್ಲಿ ಉದ್ಯೋಗಕ್ಕೆಂದೇ ಒಬ್ಬರನ್ನು ಸರಿಯಾದ ಸಂಬಳದ ಮೇಲೆ ನೇಮಿಸಿ, ಆಯಾ ಊರಿನ ವಿಆರ್‌ಡಬ್ಲ್ಯೂಗಳು ಹೀಗೆ ನೇಮಕವಾದವರಿಗೆ ಮನೆಯನ್ನೂ ವ್ಯಕ್ತಿಯನ್ನೂ ಪರಿಚಯಿಸುವವರಾದರೆ ಜೋಡಿ ಕೂಡುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಯ ಫ್ಲೋರ್ ಸೂಪರ್‌ವೈಸರ್ ಆಗಿದ್ದವರು, ಹೋಟೆಲಿನ ಅಡುಗೆಮನೆ ಬಲ್ಲವರು, ಹಾಲಿನ ಡೇರಿ ನಡೆಸಿದವರು ಇಂಥ ಕೆಲಸಕ್ಕೆ ಪದವೀಧರರಷ್ಟೇ ಯೋಗ್ಯರು. ಅಂಗವೈಕಲ್ಯದ ಬಗ್ಗೆ ಮೂರು ತಿಂಗಳಲ್ಲಿ ಬಹಳಷ್ಟು ಕಲಿಸಬಹುದು. ಕೆಲಸದ ಜಾಗದ ಒಳಗುಟ್ಟು ಕಲಿಯಲು ವರ್ಷಗಳು ಬೇಕು.

ಮಾಲೀಕರ ಬಗ್ಗೆ ನಾವು ಮಾಡಿಕೊಂಡಿರುವ ಊಹೆಯೂ ತಪ್ಪು ಎನ್ನಿಸುತ್ತದೆ. 2008ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ಪ್ರೋತ್ಸಾಹ ಯೋಜನೆ ತಂದಿತು. ತಿಂಗಳಿಗೆ 25,000 ರೂಪಾಯಿವರೆಗಿನ ಸಂಬಳದ ವಿಕಲಚೇತನ ಉದ್ಯೋಗಿಯ ಭವಿಷ್ಯನಿಧಿ ಮತ್ತು ಇಎಸ್‌ಐಗೆ ಖಾಸಗಿ ಮಾಲೀಕರು ಕಟ್ಟಬೇಕಾದ ಪಾಲನ್ನು ಮೂರು ವರ್ಷ ಸರ್ಕಾರವೇ ಕಟ್ಟುತ್ತದೆ ಎಂದಿತು. ವರ್ಷಕ್ಕೆ ಒಂದು ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡ ಯೋಜನೆ ಅದರ ಹತ್ತಿರಕ್ಕೂ ಬರಲಿಲ್ಲ. ಮಾಲೀಕರನ್ನು ಹಿಂಜರಿಸುತ್ತಿದ್ದುದು ಪಿಎಫ್ ಹಣವಾಗಿದ್ದರೆ ಈ ಯೋಜನೆ ಗೆಲ್ಲಬೇಕಿತ್ತು. ಅವರ ಭಯ ಬೇರೆ: ಕೆಲಸ ಹೇಳುವುದು ಹೇಗೆ, ತಪ್ಪಾದರೆ ಹೇಳಬಹುದೇ, ಏನಾದರೂ ಆದರೆ ಯಾರಿಗೆ ಫೋನ್ ಮಾಡುವುದು? ಈ ಪ್ರಶ್ನೆಗಳಿಗೆ ಸಬ್ಸಿಡಿ ಉತ್ತರವಲ್ಲ. ಕರೆದರೆ ಮರುದಿನ ಬರುವ ಒಬ್ಬ ಮನುಷ್ಯ ಉತ್ತರ. ಹೊಸೂರಿನ ಟೈಟಾನ್ ಕೈಗಡಿಯಾರ ಕಾರ್ಖಾನೆ ಆರಂಭದ ವರ್ಷಗಳಿಂದಲೇ ವಿಕಲಚೇತನರನ್ನು ಜೋಡಣೆಯ ಕೆಲಸಕ್ಕೆ ತೆಗೆದುಕೊಂಡಿತು, ಲೆಮನ್ ಟ್ರೀ ಹೋಟೆಲುಗಳು ಕಿವುಡ ಉದ್ಯೋಗಿಗಳನ್ನು ನೇಮಿಸಿಕೊಂಡವು. ಬೆಂಗಳೂರಿನಲ್ಲಿ 1999ರಲ್ಲಿ ಶಾಂತಿ ರಾಘವನ್ ಅವರಿಂದ ಆರಂಭವಾದ ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಅಭ್ಯರ್ಥಿಯ ಜೊತೆಗೆ ಕಂಪನಿಯನ್ನೂ ಸಿದ್ಧಪಡಿಸುವುದನ್ನು ಕೆಲಸವಾಗಿ ಮಾಡಿಕೊಂಡಿವೆ. ಇದು ಸ್ವಯಂಸೇವಾ ಸಂಸ್ಥೆಗಳ ಮೇಲೆಯೇ ನಿಂತಿರಬಾರದು ಎಂಬುದಷ್ಟೇ ನನ್ನ ತಕರಾರು. ದಾನಿಯ ಅನುದಾನ ಮೂರು ವರ್ಷಕ್ಕೆ ಮುಗಿಯುತ್ತದೆ. ಉದ್ಯೋಗಿಯ ಸೂಪರ್‌ವೈಸರ್ ಬದಲಾಗುವುದು ನಾಲ್ಕನೆಯ ವರ್ಷದಲ್ಲಿ.

ಇನ್ನೊಂದು ಆಕ್ಷೇಪ ತಂದೆತಾಯಿಗಳದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಬೌದ್ಧಿಕ ಅಂಗವೈಕಲ್ಯ ಇರುವ ಮಗಳನ್ನು ಮೇಣದಬತ್ತಿ ಮಾಡುವ, ಕಾಗದದ ಚೀಲ ಅಂಟಿಸುವ ಕೇಂದ್ರಕ್ಕೆ ಕಳಿಸುತ್ತಿರುವವರು ಕೇಳುತ್ತಾರೆ: ಅಲ್ಲಿ ಅವಳು ಸುರಕ್ಷಿತ, ಗೆಳತಿಯರಿದ್ದಾರೆ, ಹೊರಗಿನ ಕಾರ್ಖಾನೆಗೆ ಕಳಿಸಿ ಏನಾದರೂ ಆದರೆ? ಹೆಣ್ಣುಮಕ್ಕಳ ವಿಷಯದಲ್ಲಿ ಈ ಭಯಕ್ಕೆ ನೂರು ಕಾರಣಗಳಿವೆ. 2011ರ ಗಣತಿಯಲ್ಲಿ ವಿಕಲಚೇತನ ಗಂಡಸರಲ್ಲಿ ಶೇ 47, ಹೆಂಗಸರಲ್ಲಿ ಶೇ 23 ಜನ ಮಾತ್ರ ದುಡಿಯುತ್ತಿದ್ದರು. ಅಮೆರಿಕದ ವರ್ಮಾಂಟ್ ರಾಜ್ಯ ತನ್ನ ಕೊನೆಯ ಪ್ರತ್ಯೇಕ ಕಾರ್ಯಾಗಾರವನ್ನು 2002ರಲ್ಲಿ ಮುಚ್ಚಿತು, ಆದರೆ ಅದರ ಹಿಂದೆ ಎರಡು ದಶಕಗಳ ತಯಾರಿಯಿತ್ತು. ಬದಲಿ ಕಟ್ಟದೆ ಇದ್ದುದನ್ನು ಮುಚ್ಚಿದರೆ ಆ ಮಕ್ಕಳು ಮನೆಯ ಮೂಲೆಗೆ ಮರಳುತ್ತಾರಷ್ಟೇ. ಹಾಗಾಗಿ ಕೇಂದ್ರಗಳು ಇರಲಿ. ಅಲ್ಲಿಂದ ಹೊರಗಿನ ಕೆಲಸಕ್ಕೆ ವಾರಕ್ಕೆ ಎರಡು ದಿನವಾದರೂ ಹೋಗಿ ನೋಡುವ ದಾರಿ ಇರಲಿ, ಒಪ್ಪದಿದ್ದರೆ ಮರಳಲು ಜಾಗವೂ ಇರಲಿ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೂ ತಲುಪಿತು. ಅಲ್ಲಿ ಕಾಫಿ ಕೊಡುವ ವಿಕಲಚೇತನರನ್ನು ದಿನವೂ ನೂರಾರು ಜನ ಕಾಣುತ್ತಾರೆ. ಆಗದು ಎಂಬ ಮಾತು ಕಣ್ಣೆದುರೇ ಸುಳ್ಳಾಗುತ್ತದೆ. ಅವರಲ್ಲಿ ಒಬ್ಬರು ನಾಳೆ ಪಕ್ಕದ ದರ್ಶಿನಿಯಲ್ಲಿ ಎಲ್ಲರ ನಡುವೆ ಅದೇ ಕೆಲಸ ಮಾಡುವಂತಾಗಬೇಕು ಎಂಬುದು ಅದರ ಮುಂದಿನ ಹೆಜ್ಜೆ.

ಹಣಕಾಸಿನ ಒಂದು ಗಂಟು ಇದಕ್ಕಿಂತ ಬೇಗ ಬಿಚ್ಚಬಹುದಾದದ್ದು. ಅಂಗವಿಕಲ ವೇತನ, ಅಂದರೆ ಸರ್ಕಾರ ಕೊಡುವ ಮಾಸಾಶನ, ಆದಾಯ ಮಿತಿಗೆ ಒಳಪಟ್ಟದ್ದು. ಕೆಲಸ ಸಿಕ್ಕರೆ ವೇತನ ನಿಲ್ಲಬಹುದು. ಕೆಲಸ ಹೋದರೆ ನಾಡಕಚೇರಿಯಲ್ಲಿ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಅಲೆದಾಟ. ಮೂರು ತಿಂಗಳು ಉಳಿಯುವುದೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕಾಗಿ ಖಚಿತವಾಗಿ ಬರುವ ಹಣವನ್ನು ಬಿಡಬೇಡ ಎಂದು ಮನೆಯವರು ಹೇಳಿದರೆ ಅದು ಸೋಮಾರಿತನವಲ್ಲ, ಲೆಕ್ಕ. ಕೆಲಸಕ್ಕೆ ಸೇರಿದವರ ವೇತನವನ್ನು ರದ್ದು ಮಾಡದೆ ಎರಡು ವರ್ಷ ತಡೆಹಿಡಿದಿಟ್ಟು, ಕೆಲಸ ಹೋದ ತಿಂಗಳಿಂದಲೇ ಒಂದು ಚೀಟಿಯ ಮೇಲೆ ಮತ್ತೆ ಶುರುಮಾಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಕಾನೂನಿನ ಆಧಾರವೂ ಈಗಾಗಲೇ ಇದೆ, ಬಳಕೆಯಾಗಿಲ್ಲವಷ್ಟೇ. 2016ರ ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲಿ ‘ಹೆಚ್ಚಿನ ಬೆಂಬಲ’ ಎಂಬ ಪದಕ್ಕೆ ಅರ್ಥ ಕೊಡುವಾಗ ಶಿಕ್ಷಣ, ಕುಟುಂಬ ಮತ್ತು ಸಮುದಾಯದ ಬದುಕಿನ ಜೊತೆಗೆ ಉದ್ಯೋಗವನ್ನೂ ಹೆಸರಿಸಲಾಗಿದೆ. ಅಂಥ ಬೆಂಬಲ ಬೇಕೆಂದು ಅರ್ಜಿ ಹಾಕುವ ಹಕ್ಕನ್ನು 38ನೇ ಸೆಕ್ಷನ್ ಕೊಡುತ್ತದೆ. 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್, ತಕ್ಕ ಹೊಂದಾಣಿಕೆ ಮಾಡಿಕೊಡುವುದು ಸಮಾನತೆಯ ಒಳಗಿನದೇ ಹೊರತು ಕೃಪೆಯಲ್ಲ ಎಂಬ ನಿಲುವು ತಳೆಯಿತು. ಆ ಪ್ರಕರಣ ಪರೀಕ್ಷೆಯಲ್ಲಿ ಬರಹಗಾರರ ನೆರವಿಗೆ ಸಂಬಂಧಿಸಿದ್ದು. ಪರೀಕ್ಷೆ ಬರೆಯಲು ಒಬ್ಬರ ನೆರವು ಹಕ್ಕು ಎನ್ನುವುದಾದರೆ, ಪಾಸಾಗಿ ಕೆಲಸಕ್ಕೆ ಸೇರಿದ ಮೇಲೆ ಕಲಿಯಲು ಒಬ್ಬರ ನೆರವು ಹಕ್ಕಾಗದಿರಲು ನನಗೆ ಕಾರಣ ಕಾಣುವುದಿಲ್ಲ. ಬೆಂಗಳೂರಿನಲ್ಲಿಯೂ ಇರುವ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ, ಜಿಲ್ಲಾ ಕಚೇರಿಗಳು, ಕೌಶಲ ತರಬೇತಿ ಸಂಸ್ಥೆಗಳು ವರ್ಷದ ಕೊನೆಗೆ ಕೊಡುವ ವರದಿಯಲ್ಲಿ ಎಷ್ಟು ಜನರಿಗೆ ತರಬೇತಿ, ಎಷ್ಟು ಜನರಿಗೆ ನೇಮಕ ಎಂಬ ಎರಡು ಕಲಮುಗಳಿರುತ್ತವೆ. ಇನ್ನು ಮೂರನ್ನು ಸೇರಿಸಬೇಕು: ಆರು ತಿಂಗಳ ಮೇಲೆ ಅದೇ ಕೆಲಸದಲ್ಲಿರುವವರೆಷ್ಟು, ಎರಡು ವರ್ಷದ ಮೇಲೆ ಎಷ್ಟು, ಬಿಟ್ಟವರು ಏಕೆ ಬಿಟ್ಟರು. ಸಂಸ್ಥೆಗಳಿಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಈ ಮೂರು ಕಲಮುಗಳನ್ನು ನೋಡಿದ ಮೇಲೆ ಬಿಡುಗಡೆಯಾಗಬೇಕು. ಆಗ ಸುಲಭವಾಗಿ ಕೆಲಸ ಮಾಡಬಲ್ಲವರನ್ನೇ ಆರಿಸಿಕೊಂಡು ಕಷ್ಟದವರನ್ನು ಬಾಗಿಲಲ್ಲೇ ನಿಲ್ಲಿಸುವ ಆಸೆ ಸಂಸ್ಥೆಗಳಿಗೆ ಬಾರದಿರಲಿಕ್ಕಿಲ್ಲ. ಹೆಚ್ಚಿನ ಬೆಂಬಲ ಬೇಕಾದವರಿಗೆ ಹೆಚ್ಚಿನ ದರ ಗೊತ್ತುಮಾಡಿದರೆ ಅದನ್ನು ತಡೆಯಬಹುದು. ಐದನೆಯ ಕಲಮನ್ನು, ಏಕೆ ಬಿಟ್ಟರು ಎಂಬುದನ್ನು, ಬಿಟ್ಟವರ ಬಾಯಿಂದಲೇ ಕೇಳಿ ತುಂಬಬೇಕು. ಸಂಸ್ಥೆಯಾಗಲಿ ಮಾಲೀಕರಾಗಲಿ ಅವರ ಪರವಾಗಿ ಬರೆಯಬಾರದು.